ಆಹ್ವಾನ ಪತ್ರಿಕೆಯಲ್ಲೊಂದು ಹಕ್ಕಿ

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. ಕಾಲೇಜು ಸಮಾರಂಭಗಳ ಇಂಗ್ಲಿಷ್ ಕಾರ್ಡಿನಲ್ಲಿ ‘ಅಂಡರ್ ದಿ ಆಸ್ಪಿಸಸ್ ಆಫ್’ ಎಂದು ಬರುತ್ತದೆ, ಕನ್ನಡದ್ದರಲ್ಲಿ ‘ಆಶ್ರಯದಲ್ಲಿ’ ಎಂದು ಹಾಕುತ್ತೇವೆ. ನಿಘಂಟು ತೆಗೆದರೆ ‘ಶಕುನ’ ಎಂದೂ ಇದೆ. ಶಕುನಕ್ಕೂ ಆಶ್ರಯಕ್ಕೂ ಏನು ಸಂಬಂಧ ಸಾರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಲ್ಯಾಟಿನ್ನಿನಲ್ಲಿ ‘ಆವಿಸ್’ ಅಂದರೆ ಹಕ್ಕಿ, ‘ಸ್ಪೆಕೆರೆ’ ಅಂದರೆ ನೋಡುವುದು. ಹಕ್ಕಿ ನೋಡಿ ದೈವದ ಇಚ್ಛೆ ತಿಳಿಯುವುದೇ ‘ಆಸ್ಪಿಕಿಯಂ’; ನಿಮ್ಮ ಕಾರ್ಡಿನ ‘ಆಸ್ಪಿಸಸ್’ ಬಂದದ್ದು ಇದರಿಂದಲೇ. ರೋಮನ್ನರು ಚುನಾವಣೆಗೂ ಯುದ್ಧಕ್ಕೂ ಮುಂಚೆ ಇದನ್ನು ಮಾಡಲೇಬೇಕಿತ್ತು. ದಂಡಿನ ಜೊತೆ ಪಂಜರದಲ್ಲಿ ಕೋಳಿಗಳೂ ಹೋಗುತ್ತಿದ್ದವು. ಹಾಕಿದ ಕಾಳನ್ನು ಕೊಕ್ಕಿನಿಂದ ಉದುರುವಷ್ಟು ಆತುರದಲ್ಲಿ ತಿಂದರೆ ಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾ ಬಳಿ ಕೋಳಿಗಳು ಕಾಳು ಮುಟ್ಟಲಿಲ್ಲವಂತೆ. ನೌಕಾಪಡೆಯ ದಂಡನಾಯಕ ಕ್ಲಾಡಿಯಸ್ ಪುಲ್ಕರ್, ‘ತಿನ್ನದಿದ್ದರೆ ನೀರಾದರೂ ಕುಡಿಯಲಿ’ ಎಂದು ಅವನ್ನು ಸಮುದ್ರಕ್ಕೆ ಎಸೆಸಿದ ಎಂಬುದು ಕಥೆ. ಆ ಕದನದಲ್ಲಿ ಅವನು ಸೋತದ್ದಂತೂ ಇತಿಹಾಸ.

ಇನ್ನು ಆಶ್ರಯದ ವಿಷಯ. ಶಕುನ ನೋಡಿಸುವ ಅಧಿಕಾರ ಪಡೆಯ ಮುಖ್ಯಸ್ಥನದು. ಅವನ ಕೈಕೆಳಗಿನವನು ಬೇರೆಲ್ಲೋ ಕಾದಾಡಿ ಗೆದ್ದರೂ ಆ ಗೆಲುವು ಮುಖ್ಯಸ್ಥನ ‘ಆಸ್ಪಿಕಿಯಂ’ನಡಿ ಬಂದದ್ದು ಎಂದೇ ಲೆಕ್ಕ. ದೇವರ ಮುಂದೆ ಹೊಣೆ ಹೊತ್ತವನು ಅವನು ತಾನೆ? ಹಾಗೆ ಹಕ್ಕಿಯ ಅರ್ಥ ಹಿಂದೆ ಸರಿದು, ಹಿರಿಯರ ಹೊಣೆ, ಬೆಂಬಲ ಎಂಬ ಅರ್ಥ ನಿಂತಿತು. ಶುಭಕರ ಎಂಬರ್ಥದ ‘ಆಸ್ಪಿಷಿಯಸ್’ ಕೂಡ ಇದೇ ಬಳ್ಳಿಯದು.

ನನಗೆ ಅತಿ ಇಷ್ಟವಾದದ್ದು ಬೇರೆಯೇ ಇದೆ. ನಮ್ಮ ‘ಶಕುನ’ಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂದೇ ಅರ್ಥ, ಅಮರಕೋಶದಲ್ಲಿ ಹಕ್ಕಿಯ ಹೆಸರುಗಳ ಸಾಲಿನಲ್ಲಿ ಅದು ಸಿಗುತ್ತದೆ. ಹಕ್ಕಿಗಳು ಕಾಪಾಡಿದ ಕೂಸಿಗೆ ಶಕುಂತಲೆ ಎಂದು ಹೆಸರಾಯಿತಲ್ಲ! ಚಿತ್ರದುರ್ಗದ ನಮ್ಮ ಹಳ್ಳಿಗೆ ನಸುಕಿನಲ್ಲಿ ಬುಡಬುಡಿಕೆಯವರು ಬಂದು ‘ಹಾಲಕ್ಕಿ ನುಡೀತೈತೆ’ ಎಂದರೆ, ಅಜ್ಜಿ ಮೊರದಲ್ಲಿ ಜೋಳ ಹಿಡಿದೇ ಬಾಗಿಲಿಗೆ ಬರುತ್ತಿದ್ದಳು. ಹಕ್ಕಿಯ ಮಾತಿಗೆ ರೋಮಿನಲ್ಲೂ ನಮ್ಮಲ್ಲೂ ಇಷ್ಟು ಬೆಲೆ.

ನಿಮ್ಮ ಕಾರ್ಡಿಗೆ ಬರೋಣ. ‘ಆಶ್ರಯದಲ್ಲಿ’ ಸರಿಯಾಗಿಯೇ ಇದೆ. ಎರಡು ಸಂಸ್ಥೆ ಕೂಡಿ ನಡೆಸಿದರೆ ‘ಸಂಯುಕ್ತ ಆಶ್ರಯದಲ್ಲಿ’ ಎನ್ನಿ. ಬರೀ ಹಣ ಕೊಟ್ಟವರನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ, ಅವರ ಹೆಸರು ‘ಪ್ರಾಯೋಜಕರು’ ಎಂದು ಕೆಳಗೆ ಬರಲಿ. ಇಂಗ್ಲಿಷಿನಲ್ಲಿ ‘ಆಸ್ಪಿಸಸ್’ ಪದದ ಕೊನೆಯ ‘ಎಸ್’ ಅಕ್ಷರ ಬಿಡಬೇಡಿ; ಈ ಬಳಕೆಯಲ್ಲಿ ಅದು ಬಹುವಚನವಾಗಿಯೇ ಇರಬೇಕು.