ಹೆಡ್‌ಲೈನರ್ ಯಾರಾಗಬೇಕು ಅಂತ ಮಾತು ಬಿಟ್ಟ ಅಣ್ಣ ತಂಗಿ

ಇದನ್ನು ಬರೆಯೋಕೆ ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಬ್ಯಾಂಡ್‌ಗಳ ಹೆಸರು ಮಾತ್ರ ಹಾಗೇ ಇಟ್ಟಿದ್ದೇನೆ. ಅವನ್ನು ಬದಲಿಸಿದರೆ ಜಗಳ ಯಾಕೆ ಆಯ್ತು ಅನ್ನೋದೇ ಗೊತ್ತಾಗಲ್ಲ.

ಆಪ್ತಸಲಹೆಗೆ ನನ್ನ ಹತ್ತಿರ ಬಂದಿದ್ದು ಅಣ್ಣ, ವಯಸ್ಸು ಮೂವತ್ತೆಂಟರ ಆಸುಪಾಸು. ಕೂತ ತಕ್ಷಣ "ಮೇಡಂ, ಕಾರಣ ಕೇಳಿದ್ರೆ ನಗ್ತೀರ" ಅಂದರು. ತಂಗಿ ಮಾತು ಬಿಟ್ಟು ಐದು ತಿಂಗಳಾಗಿತ್ತು. ಫೋನ್ ಎತ್ತಲ್ಲ, ಮೆಸೇಜ್ ಓದ್ತಾಳೆ, ಉತ್ತರ ಕೊಡಲ್ಲ. ಜಗಳ ಶುರುವಾಗಿದ್ದು ಒಂದು ಮ್ಯೂಸಿಕ್ ಫೆಸ್ಟಿವಲ್‌ನ ಹೆಡ್‌ಲೈನರ್, ಅಂದ್ರೆ ರಾತ್ರಿ ಎಲ್ಲರಿಗಿಂತ ಕೊನೆಗೆ ಬರುವ ಮುಖ್ಯ ಬ್ಯಾಂಡ್, ಯಾರಾಗಬೇಕು ಅನ್ನೋ ವಿಷಯಕ್ಕೆ.

ನಗು ಬರಲಿಲ್ಲ. ಆಸ್ತಿ ಪಾಲಿನ ಜಗಳ ಅಂದ್ರೆ ಎಲ್ಲರೂ ಗಂಭೀರವಾಗಿ ಕೇಳ್ತಾರೆ. ಹಾಡಿನ ಜಗಳ ಅಂದ್ರೆ "ಅಯ್ಯೋ ಅಷ್ಟೇನಾ" ಅಂತಾರೆ. ಹಾಗಂದಾಗ ಆ ಮನುಷ್ಯ ಇನ್ನೊಂದು ಸಲ ಬಾಯಿ ಬಿಡಲ್ಲ.

ಫೆಸ್ಟಿವಲ್ ಯಾವುದು ಅಂದ್ರೆ ಇಂಗ್ಲೆಂಡಿನ ಡಾನಿಂಗ್ಟನ್ ಪಾರ್ಕ್‌ನಲ್ಲಿ ನಡೆಯುವ ಡೌನ್‌ಲೋಡ್. ಅದೇ ಜಾಗದಲ್ಲಿ 1980ರಿಂದ 1996ರವರೆಗೆ ಮಾನ್‌ಸ್ಟರ್ಸ್ ಆಫ್ ರಾಕ್ ಅನ್ನೋ ಫೆಸ್ಟಿವಲ್ ನಡೆಯುತ್ತಿತ್ತು, 2003ರಲ್ಲಿ ಡೌನ್‌ಲೋಡ್ ಶುರುವಾಯಿತು. ಹೆವಿ ಮೆಟಲ್, ಅಂದ್ರೆ ಅಬ್ಬರದ ರಾಕ್ ಸಂಗೀತ, ಕೇಳುವವರಿಗೆ ಅದು ಪುಣ್ಯಕ್ಷೇತ್ರ ಇದ್ದ ಹಾಗೆ. ಅಣ್ಣ ತಂಗಿ ಇಬ್ಬರೂ ಒಂದು ಸಲವೂ ಅಲ್ಲಿಗೆ ಹೋದವರಲ್ಲ. ಆದರೆ 2010ರಿಂದ ಪ್ರತಿ ವರ್ಷ, ಯಾರ್ಯಾರು ಹಾಡ್ತಾರೆ ಅನ್ನೋ ನಿಜವಾದ ಲೈನ್‌ಅಪ್ ಹೊರಬರುವ ಮೊದಲು, ಒಂದು ನೋಟ್‌ಬುಕ್‌ನಲ್ಲಿ ತಮ್ಮದೇ ಪಟ್ಟಿ ಬರೆಯುತ್ತಿದ್ದರು. ಮೂರು ರಾತ್ರಿ, ಮೂರು ಹೆಡ್‌ಲೈನರ್, ಕೆಳಗೆ ಉಳಿದವರು. 2020ರಲ್ಲಿ ಕೋವಿಡ್‌ನಿಂದ ಫೆಸ್ಟಿವಲ್ ರದ್ದಾದಾಗಲೂ ಆ ವರ್ಷದ ಪುಟ ಖಾಲಿ ಬಿಟ್ಟಿರಲಿಲ್ಲ.

2025ರ ಹೆಡ್‌ಲೈನರ್‌ಗಳು ಗ್ರೀನ್ ಡೇ, ಸ್ಲೀಪ್ ಟೋಕನ್, ಕಾರ್ನ್ ಅಂತ ಹಿಂದಿನ ನವೆಂಬರ್‌ನಲ್ಲೇ ಪ್ರಕಟವಾಯಿತು. ಸ್ಲೀಪ್ ಟೋಕನ್ ತಂಗಿಗೆ ಪ್ರಾಣ. 2016ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಬ್ಯಾಂಡ್, ಎಲ್ಲರೂ ಮುಖವಾಡ ಹಾಕಿಕೊಂಡೇ ವೇದಿಕೆಗೆ ಬರ್ತಾರೆ. ಅಣ್ಣನಿಗೆ ಐರನ್ ಮೇಡನ್ ಬೇಕಿತ್ತು. 2025 ಅಂದ್ರೆ ಆ ಬ್ಯಾಂಡಿಗೆ 50 ವರ್ಷ. "ಐವತ್ತು ವರ್ಷ ದುಡಿದವರನ್ನ ಬಿಟ್ಟು, ಹತ್ತು ವರ್ಷ ಕೂಡ ಆಗದವರನ್ನ ಮೇಲೆ ಕೂರಿಸೋದಾ? ಯೋಗ್ಯತೆ ಬೇಡ್ವಾ?" ಅಂತ ಶುರುವಾದ ಮಾತು ಎರಡು ಗಂಟೆ ಎಳೆಯಿತು. ತಂಗಿಯೂ ಬಿಡಲಿಲ್ಲ. "ಸ್ಲಿಪ್‌ನಾಟ್‌ನವರೂ ಮುಖವಾಡ ಹಾಕ್ತಾರೆ, ಅವರು 2009ರಲ್ಲಿ ಹೆಡ್‌ಲೈನ್ ಮಾಡಿದ್ದನ್ನ ನೀನೇ ನನಗೆ ಹತ್ತು ಸಲ ತೋರಿಸಿಲ್ವಾ ಅಣ್ಣ?" ಅಂದಳಂತೆ. ಇವರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೇ ಇದ್ದಾಗ ಬಾಯಿಗೆ ಬಂದಿದ್ದು ಹೀಗೆ: "ಮೆಟಲ್ ಬಗ್ಗೆ ಮಾತಾಡೋ ಯೋಗ್ಯತೆ ನಿನಗಿಲ್ಲ. ನಿನಗೆ ಇದೆಲ್ಲ ಕಲಿಸಿದ್ದೇ ನಾನು."

ತಂಗಿ "ಸರಿ ಅಣ್ಣ" ಅಂದು ಬ್ಯಾಗ್ ಎತ್ತಿಕೊಂಡು ಹೋದಳು.

ಇದನ್ನು ಹೇಳಿ ಮುಗಿಸಿದವರು ಮತ್ತೆ ಮೇಡನ್ ವಾದಕ್ಕೇ ಬಂದರು. ನನ್ನನ್ನು ನ್ಯಾಯಾಧೀಶೆ ಮಾಡೋ ಆಸೆ ಅವರಿಗಿತ್ತು, ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆಪ್ತಸಲಹೆಯಲ್ಲಿ ತೀರ್ಪು ಕೊಡಬಾರದು. ಆದರೆ ಅವರ ವಾದವನ್ನು ಪಕ್ಕಕ್ಕೆ ತಳ್ಳಿ "ನಿಮ್ಮ ಭಾವನೆ ಏನು" ಅಂತ ಕೇಳೋಕೂ ಮನಸ್ಸಾಗಲಿಲ್ಲ. ಇಷ್ಟು ವರ್ಷ ಪ್ರೀತಿಯಿಂದ ಕಟ್ಟಿಕೊಂಡ ತಿಳಿವಳಿಕೆ ಅದು. ಹಾಗಾಗಿ ಮೊದಲ ಭೇಟಿಯ ಮುಕ್ಕಾಲು ಭಾಗ ಹೆಡ್‌ಲೈನರ್ ಬಗ್ಗೆಯೇ ಮಾತಾಡಿದೆವು. ಅವರು ಹೇಳ್ತಾ ಹೋದರು, ನಾನು ಪ್ರಶ್ನೆ ಕೇಳ್ತಾ ಹೋದೆ.

ಮೇಡನ್ ಮೊದಲ ಆಲ್ಬಂ ಬಂದಿದ್ದು ಯಾವಾಗ? 1980. ಡಾನಿಂಗ್ಟನ್‌ನಲ್ಲಿ ಮೊದಲ ಸಲ ಹೆಡ್‌ಲೈನ್ ಮಾಡಿದ್ದು? 1988. ಸ್ಲೀಪ್ ಟೋಕನ್ ಮೊದಲ ಆಲ್ಬಂ? 2019. ಅಂದ್ರೆ ಮೊದಲ ಆಲ್ಬಂನಿಂದ ಹೆಡ್‌ಲೈನ್‌ವರೆಗೆ ಮೇಡನ್‌ಗೆ ಎಂಟು ವರ್ಷ, ಸ್ಲೀಪ್ ಟೋಕನ್‌ಗೆ ಆರು ವರ್ಷ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಾವೇ ಇನ್ನೊಂದು ಉದಾಹರಣೆ ಕೊಟ್ಟರು: ಮೆಟಾಲಿಕಾ ಬ್ಯಾಂಡಿನವರು 1985ರಲ್ಲಿ ಅದೇ ಮೈದಾನದಲ್ಲಿ ಪಟ್ಟಿಯಲ್ಲಿ ಕೆಳಗೆಲ್ಲೋ ಇದ್ದರು, 1991ರಲ್ಲಿ ಎಸಿ/ಡಿಸಿ ಕೆಳಗೆ ಎರಡನೆಯವರು, 1995ರಲ್ಲಿ ಎಲ್ಲರ ಮೇಲೆ. "ಹಾಗೆ ಮೆಟ್ಟಿಲು ಹತ್ತಬೇಕು ಮೇಡಂ" ಅಂದರು. ನಿಜ, ಅದು ಒಂದು ದಾರಿ. ಆದರೆ ಕಾರ್ನ್ ಶುರುವಾಗಿದ್ದು 1993ರಲ್ಲಿ, ಡೌನ್‌ಲೋಡ್‌ನಲ್ಲಿ ಹೆಡ್‌ಲೈನ್ ಸಿಕ್ಕಿದ್ದು 2025ರಲ್ಲಿ. ಅಷ್ಟು ಕಾಲ ಅವರಿಗೆ ಯೋಗ್ಯತೆ ಇರಲಿಲ್ವಾ? ಈ ಪ್ರಶ್ನೆಗೆ ಅವರು ತಲೆ ಅಲ್ಲಾಡಿಸಿದರು. "ಇತ್ತು. ಯಾವತ್ತೋ ಇತ್ತು."

ವೇದಿಕೆ ಮೇಲೆ ಯಾರು ಕೊನೆಗೆ ಬರ್ತಾರೆ ಅನ್ನೋದು ಯೋಗ್ಯತೆ ಒಂದರಿಂದಲೇ ತೀರ್ಮಾನ ಆಗಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಟೂರ್ ಯಾವ ಕಡೆ ಹೋಗ್ತಿದೆ, ಹತ್ತಿರದಲ್ಲಿ ತಮ್ಮದೇ ದೊಡ್ಡ ಕಾರ್ಯಕ್ರಮ ಇದೆಯಾ, ದುಡ್ಡು ಹೊಂದುತ್ತಾ, ಎಷ್ಟೋ ಇರುತ್ತೆ. ಮೇಡನ್‌ನವರೇ ಆ ಜೂನ್‌ನಲ್ಲಿ 50ನೇ ವರ್ಷದ ಟೂರ್ ಇಟ್ಟುಕೊಂಡಿದ್ದರು, 28ಕ್ಕೆ ಲಂಡನ್ ಸ್ಟೇಡಿಯಂ ಅಂತ ಮೊದಲೇ ನಿಗದಿಯಾಗಿತ್ತು. ಕೆಲವೊಮ್ಮೆ ಒಂದು ಮೂಳೆ ಸಾಕು. ಇಂಗ್ಲೆಂಡಿನದೇ ಇನ್ನೊಂದು ಫೆಸ್ಟಿವಲ್ ಗ್ಲಾಸ್ಟನ್‌ಬರಿಯಲ್ಲಿ 1995ರಲ್ಲಿ ಸ್ಟೋನ್ ರೋಸಸ್ ಬ್ಯಾಂಡಿನ ಗಿಟಾರಿಸ್ಟ್ ಕೊರಳೆಲುಬು ಮುರಿದುಕೊಂಡಿದ್ದಕ್ಕೆ ಪಲ್ಪ್ ಬ್ಯಾಂಡಿನವರು ಹೆಡ್‌ಲೈನರ್ ಆದರು. 2015ರಲ್ಲಿ ಫೂ ಫೈಟರ್ಸ್‌ನ ಡೇವ್ ಗ್ರೋಲ್ ಕಾಲು ಮುರಿದಾಗ ಆ ಜಾಗಕ್ಕೆ ಫ್ಲಾರೆನ್ಸ್ ಆಂಡ್ ದ ಮಷೀನ್ ಬಂದರು. ಅದೇ 2015ರಲ್ಲಿ ಅಲ್ಲಿ ರಾಪ್ ಗಾಯಕ ಕಾನ್ಯೆ ವೆಸ್ಟ್ ಬೇಡ ಅಂತ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿದರು, ಆದರೂ ಅವರು ಹಾಡಿದರು.

ಇಷ್ಟೆಲ್ಲ ಗೊತ್ತಿದ್ದವರಿಗೆ ತಂಗಿಯ ಆಯ್ಕೆ ಮಾತ್ರ ಯಾಕೆ ಅಷ್ಟು ಚುಚ್ಚಿತು?

ಎರಡನೇ ಭೇಟಿಗೆ ಆ ನೋಟ್‌ಬುಕ್ ತನ್ನಿ ಅಂದಿದ್ದೆ. ತಂದರು. ಅಂಚು ಸವೆದ ಪುಸ್ತಕ, ಎರಡು ಬಣ್ಣದ ಇಂಕು. ನೀಲಿ ಅಣ್ಣನದು, ಹಸಿರು ತಂಗಿಯದು. ಪುಟ ತಿರುವುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು, ಅದನ್ನು ನಾನು ಹೇಳದೆ ಅವರಿಗೇ ಎಣಿಸೋಕೆ ಕೊಟ್ಟೆ. 2010ರಿಂದ 2024ರವರೆಗೆ 15 ಪುಟ. ಪುಟಕ್ಕೆ ಮೂರರಂತೆ 45 ಹೆಡ್‌ಲೈನರ್. ನಲವತ್ತೈದೂ ನೀಲಿ. ಹಸಿರು ಇಂಕಿನ ಹೆಸರುಗಳೆಲ್ಲ ಮಧ್ಯಾಹ್ನದ ಸಾಲಿನಲ್ಲಿ, ಚಿಕ್ಕ ಅಕ್ಷರದಲ್ಲಿ ಇದ್ದವು.

ಅವರು ತುಂಬಾ ಹೊತ್ತು ಆ ಪುಸ್ತಕ ಮುಚ್ಚಲಿಲ್ಲ. "ಶುರು ಮಾಡಿದಾಗ ಅವಳು ಒಂಬತ್ತನೇ ಕ್ಲಾಸು. ಏನೂ ಗೊತ್ತಿರಲಿಲ್ಲ. ಅದಕ್ಕೆ ನಾನೇ ಬರೀತಿದ್ದೆ. ಆಮೇಲೆ ಹಾಗೇ ಮುಂದುವರೀತು" ಅಂದರು. ಆಮೇಲೆ, ಕಣ್ಣು ಒರೆಸಿಕೊಂಡು, "ಈ ಒಂದು ಬ್ಯಾಂಡ್ ಮಾತ್ರ ನಾನು ಕೊಟ್ಟಿದ್ದಲ್ಲ" ಅಂದರು.

ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡು ನಮಗೆ ಉಳಿದವಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮನಶ್ಶಾಸ್ತ್ರದಲ್ಲಿ ಇದನ್ನು ರೆಮಿನಿಸೆನ್ಸ್ ಬಂಪ್ ಅಂತಾರೆ. ಆ ಬ್ಯಾಂಡನ್ನು ಯಾರಾದರೂ ಕೆಳಗಿಟ್ಟರೆ ನಮ್ಮ ಆ ವಯಸ್ಸನ್ನೇ ಕೆಳಗಿಟ್ಟ ಹಾಗೆ ಅನ್ನಿಸುತ್ತೆ. ಅಣ್ಣನಿಗೆ ಅದು ಮೇಡನ್. ತಂಗಿಗೂ ಅಂಥದ್ದೊಂದು ಬೇಕಲ್ವಾ? ಅದು ಸಿಕ್ಕ ದಿನವೇ ಅಣ್ಣ ಬಾಗಿಲು ಹಾಕಿದ್ದರು.

ನಾನು ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಮೊದಲು ಕ್ಷಮೆ, ಅದೂ ಆ ಒಂದು ಮಾತಿಗೆ ಮಾತ್ರ. ಮೇಡನ್ ಇಷ್ಟ ಅನ್ನೋದಕ್ಕೆ ಕ್ಷಮೆ ಕೇಳೋ ಅಗತ್ಯ ಇಲ್ಲ, ಸ್ಲೀಪ್ ಟೋಕನ್ ಇಷ್ಟ ಅಂತ ನಟಿಸೋದಂತೂ ಬೇಡವೇ ಬೇಡ, ತಂಗಿಗೆ ಅದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ. ಮೆಸೇಜನ್ನು ನನ್ನ ಎದುರೇ ಬರೆದರು. ಮೊದಲ ಸಲ ಬರೆದಿದ್ದರಲ್ಲಿ "ಆದರೆ" ಅಂತ ಮೂರು ಕಡೆ ಇತ್ತು. ಮೂರನ್ನೂ ತೆಗೆಸಿದೆ. "ಆದರೆ" ಬಂದ ಕೂಡಲೇ ಕೇಳುವವರಿಗೆ ಅದರ ಹಿಂದಿನದೆಲ್ಲ ಅಳಿಸಿಹೋಗುತ್ತೆ. ಕೊನೆಗೆ ಉಳಿದಿದ್ದು ಇಷ್ಟು: "ಯೋಗ್ಯತೆ ಇಲ್ಲ ಅಂದಿದ್ದು ತಪ್ಪು. ನಮ್ಮ ಪುಸ್ತಕ ಎಣಿಸಿ ನೋಡಿದೆ. ಒಂದು ಸಲವೂ ನಿನಗೆ ಹೆಡ್‌ಲೈನರ್ ಬರೆಯೋಕೆ ಬಿಟ್ಟಿಲ್ಲ. ಕ್ಷಮಿಸು."

ಇನ್ನೊಂದು ಹೇಳಿದೆ. ಉತ್ತರಕ್ಕೆ ಕಾಯಿರಿ, ಮತ್ತೆ ಮತ್ತೆ ಕೇಳಬೇಡಿ. ಐದು ತಿಂಗಳು ಸುಮ್ಮನಿದ್ದವಳಿಗೆ ಐದು ದಿನದಲ್ಲಿ ಮನಸ್ಸು ಕರಗಬೇಕು ಅನ್ನೋದು ನ್ಯಾಯ ಅಲ್ಲ. ಮುಂದೆ ಮತ್ತೆ ವಾದ ಮಾಡೋ ದಿನ ಬಂದರೆ, ಬರಲೇಬೇಕು ಅಂತ ನನ್ನ ಆಸೆ, "ಯಾರು ಯೋಗ್ಯರು" ಅಂತ ಶುರು ಮಾಡುವ ಬದಲು "ಯಾರನ್ನ ನೋಡೋಕೆ ನೀನು ಮಳೆಯಲ್ಲಿ ನಿಲ್ತೀಯ" ಅಂತ ಕೇಳಿ. ಮೊದಲನೆಯದಕ್ಕೆ ಒಬ್ಬರು ಸೋಲಬೇಕು. ಎರಡನೆಯದಕ್ಕೆ ಇಬ್ಬರ ಹತ್ತಿರವೂ ಕಥೆ ಇರುತ್ತೆ.

ಹನ್ನೊಂದು ದಿನ ಆದಮೇಲೆ ತಂಗಿಯ ಉತ್ತರ ಬಂತು. "ಪುಸ್ತಕ ಬಿಸಾಕಿಲ್ಲ ತಾನೇ?" ಅಂತ ಒಂದೇ ಸಾಲು.

ಜುಲೈನಲ್ಲಿ ಅಣ್ಣ ಕೊನೆಯ ಸಲ ಬಂದಾಗ ನೋಟ್‌ಬುಕ್ ತಂದಿರಲಿಲ್ಲ. ಅದು ಈಗ ತಂಗಿಯ ಹತ್ತಿರ ಇದೆಯಂತೆ, ಮುಂದಿನ ವರ್ಷದ ಪುಟ ಅವಳು ಬರೀತಾಳಂತೆ. ಮೇಡನ್‌ಗೆ ಒಂದು ರಾತ್ರಿ ಕೊಡ್ತಾಳೋ ಇಲ್ವೋ ಅಂತ ಇನ್ನೂ ಹೇಳಿಲ್ಲ. ಇವರು ಕೇಳಿಲ್ಲ.