ವಿಚ್ಛೇದನ ನಡೆಯುತ್ತಿದೆ, ಜಂಟಿ ಹೆಸರಿನ ಫ್ಲ್ಯಾಟಿನ ಇಎಂಐ ಒಬ್ಬಳಿಂದ ಕಟ್ಟಲಾಗುತ್ತಿಲ್ಲ. ಏನು ಮಾಡಲಿ?

ನೀವು ಹೇಳಿರುವ ಪ್ರಕಾರ ಬೆಂಗಳೂರಿನ ಫ್ಲ್ಯಾಟಿನ ಸಾಲ ಇನ್ನೂ 52 ಲಕ್ಷ ಬಾಕಿ, ಇಎಂಐ 62,000, ನಿಮ್ಮ ಸಂಬಳ 70,000. ಅಮೆರಿಕದಲ್ಲಿರುವ ಪತಿ ಕಂತು ನಿಲ್ಲಿಸಿದ್ದಾರೆ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮಾತ್ರ ತಯಾರಿದ್ದಾರೆ. ನನ್ನ ಸಲಹೆ: ಮಾರಿಬಿಡಿ, ಅದೂ ಕೋರ್ಟಿನ ವಿಚ್ಛೇದನ ತೀರ್ಪು (ಡಿಕ್ರಿ) ಆಗುವುದಕ್ಕೆ ಮೊದಲು.

ಸಾಲವನ್ನು ನಿಮ್ಮೊಬ್ಬರ ಹೆಸರಿಗೆ ಮಾಡಿಕೊಡಿ ಎಂದರೆ ಬ್ಯಾಂಕು ಹೊಸ ಸಾಲ ಕೊಡುವಂತೆಯೇ ನಿಮ್ಮ ಆದಾಯ ನೋಡುತ್ತದೆ. ಸಂಬಳದ ಅರ್ಧದಷ್ಟು, ಅಂದರೆ 35,000ದ ಕಂತಿಗೆ ಒಪ್ಪಿದರು ಎನ್ನಿ. ಶೇ 8.5 ಬಡ್ಡಿ, 20 ವರ್ಷಕ್ಕೆ ಒಂದು ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು ಬೀಳುತ್ತದೆ. ಸಿಗುವ ಸಾಲ 40 ಲಕ್ಷ. ಉಳಿದ 12 ಲಕ್ಷ, ಅದರ ಮೇಲೆ ಪತಿಯ ಪಾಲು, ಎಲ್ಲಿಂದ ತರುತ್ತೀರಿ? ತವರಿನವರು ಕೊಡುವುದಾದರೆ ಮಾತು ಬೇರೆ. ಒಡವೆ ಅಡವಿಟ್ಟು ಮಾತ್ರ ಬೇಡ.

'ಸಾಲ ಗಂಡನೇ ತೀರಿಸತಕ್ಕದ್ದು' ಎಂದು ಡಿಕ್ರಿಯಲ್ಲಿ ಬರೆಸಿಕೊಂಡರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಬ್ಯಾಂಕು ಆ ಕೇಸಿನಲ್ಲಿ ಪಕ್ಷಗಾರನೇ ಅಲ್ಲ. ಪೂರ್ತಿ ಸಾಲಕ್ಕೆ ನೀವೂ ಹೊಣೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ (ಸಾಲ ತೀರಿಸುವ ನಡತೆಗೆ ಕೊಡುವ ಅಂಕ) ಇಳಿಯುತ್ತದೆ. 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ), ಆಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಂಡು ಮಾರಲು ಬಿಡುವ ಸರ್ಫೇಸಿ ಕಾಯ್ದೆಯ 60 ದಿನಗಳ ನೋಟಿಸು, ಕೊನೆಗೆ ಹರಾಜು.

ಅದಕ್ಕೇ ಈ ವಾರವೇ ಶಾಖೆಗೆ ಹೋಗಿ, ಅವಧಿ ವಿಸ್ತರಿಸಲು ಲಿಖಿತವಾಗಿ ಕೇಳಿ. 20 ವರ್ಷಕ್ಕೆ ಎಳೆದರೆ ಕಂತು 45,000ದ ಆಸುಪಾಸಿಗೆ ಇಳಿಯುತ್ತದೆ. ಹೇಗೂ ಮಾರುವ ಮನೆ, ಒಟ್ಟು ಬಡ್ಡಿ ಹೆಚ್ಚಾಗುತ್ತದೆಂಬ ಚಿಂತೆ ಬೇಡ. ಫ್ಲೋಟಿಂಗ್ ದರದ (ಬಡ್ಡಿ ಏರಿಳಿಯುವ) ಸಾಲವಾದರೆ ಮುಂಚೆಯೇ ತೀರಿಸಿದ್ದಕ್ಕೆ ದಂಡವೂ ಇಲ್ಲ. ಪತಿಯ ಸಹಿ ಕೇಳುತ್ತಾರೆ, ಇಮೇಲಿನಲ್ಲೇ ಒಪ್ಪಿಗೆ ತರಿಸಿಡಿ. ಕಂತನ್ನು ನಿಮ್ಮದೇ ಖಾತೆಯಿಂದ ಕಟ್ಟಿ, ಪಾಲು ಹಂಚುವಾಗ ಅದೇ ದಾಖಲೆ. ಮನೆ ಬಿಟ್ಟು ಹೋದರೆ ಹಕ್ಕು ಹೋಗುವುದಿಲ್ಲ, ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆ. ಬಾಡಿಗೆಗೆ ಕೊಡುವುದಾದರೆ 11 ತಿಂಗಳ ಕರಾರು ಮಾಡಿ. ಲೀಸಿಗೆ ಕೊಟ್ಟು ದೊಡ್ಡ ಮೊತ್ತ ತೆಗೆದುಕೊಂಡರೆ ಮಾರುವ ದಿನ ಅದನ್ನು ವಾಪಸು ಕೊಡಬೇಕು, ಕೊಳ್ಳುವವರೂ ಹಿಂಜರಿಯುತ್ತಾರೆ.

ಮಾರಾಟದಲ್ಲಿ ಸಿಕ್ಕಿಹಾಕಿಕೊಳ್ಳುವುದು ಪತಿ ಎನ್‌ಆರ್‌ಐ ಆಗಿರುವ ಕಡೆ. ನಿಮ್ಮ ಪಾಲಿಗೆ ಖರೀದಿದಾರರು ಹಿಡಿಯುವುದು ಶೇ 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ (ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ). ಪತಿಯ ಪಾಲಿಗೆ, ಎರಡು ವರ್ಷ ಮೀರಿದ ಆಸ್ತಿಯಾದರೆ, ಶೇ 12.5, ಮೇಲೆ ಸೆಸ್, ಸರ್‌ಚಾರ್ಜ್. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅವರು ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕದಿದ್ದರೆ ಲಾಭದ ಮೇಲಲ್ಲ, ಅವರ ಪಾಲಿನ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ರಿಜಿಸ್ಟ್ರೇಷನ್ನಿಗೆ ಬರಲಾಗದಿದ್ದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಜಿಪಿಎ (ಅವರ ಪರವಾಗಿ ಸಹಿ ಹಾಕಲು ಬೇರೊಬ್ಬರಿಗೆ ಕೊಡುವ ಅಧಿಕಾರಪತ್ರ) ಬೇಕು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿದೆಯೇ ಎಂದು ಈಗಲೇ ನೋಡಿಕೊಳ್ಳಿ, ಅದಿಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ.

ಮನೆ ನಿಮಗೇ ಉಳಿಯುವುದಾದರೂ ಡಿಕ್ರಿಗೆ ಮೊದಲೇ ಪತ್ರ ಮಾಡಿಸಿ. ಗಂಡ ಹೆಂಡತಿಗೆ ಬರೆಯುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಡಿಕ್ರಿಯಾದ ಮೇಲೆ ನೀವು ಹೆಂಡತಿಯಲ್ಲ, ರಿಯಾಯಿತಿಯೂ ಇಲ್ಲ. ಅಡಮಾನ ಇರುವವರೆಗೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕೇ ಬೇಕು.

ಒಪ್ಪಂದದಲ್ಲಿ 'ಮನೆ ಮಾರಿ ಸಮ ಹಂಚಿಕೊಳ್ಳುವುದು' ಎಂಬ ಒಂದು ಸಾಲು ಸಾಲದು. ಕನಿಷ್ಠ ಬೆಲೆ ಎಷ್ಟು, ಮಾರಾಟವಾಗುವವರೆಗೆ ಕಂತು ಯಾರದು, ನೀವು ಒಬ್ಬರೇ ಕಟ್ಟಿದ ಕಂತಿನ ಅರ್ಧ ಅವರ ಪಾಲಿನಿಂದ ಕಳೆಯಬೇಕೇ, ಎಷ್ಟು ದಿನದೊಳಗೆ ಜಿಪಿಎ ಕಳಿಸಬೇಕು, ಎಲ್ಲ ಬರೆಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿಗೆ ಮುನ್ನ ಇಬ್ಬರೂ ಹಾಕುವ ಎರಡನೇ ಅರ್ಜಿಗೆ ಸಹಿ ಹಾಕುವ ಮೊದಲು ಜಿಪಿಎ ನಿಮ್ಮ ವಕೀಲರ ಕೈ ಸೇರಿರಲಿ.