ಮೆಕ್ಕೆಜೋಳದ ಗೋದಾಮಿನಲ್ಲಿ ಹಮಾಲರಿಗೆ ಹೆಲ್ಮೆಟ್, ಮಾಸ್ಕ್ ಕೊಟ್ಟರೆ ಸಾಕೇ?

ಸಾಲದು. ಕೊಡಬೇಡಿ ಅಂತಲ್ಲ, ಕೊಡಿ. ಆದರೆ ನೀವು ಬರೆದಿರುವ ಹಾಗೆ ರಾಣೆಬೆನ್ನೂರಿನ ಹತ್ತಿರ ಒಂದು ಗೋದಾಮು, ಈ ವರ್ಷ ಹೊಸದಾಗಿ ಎರಡು ಸಣ್ಣ ಸೈಲೊ (ಕಾಳನ್ನು ಚೀಲವಿಲ್ಲದೆ ತುಂಬಿಡುವ ತಗಡಿನ ಕಣಜ), ಸುಗ್ಗಿಯಲ್ಲಿ ಆಳು ಕರೆತರುವ ಮೇಸ್ತ್ರಿ, ಅಂದರೆ ಮುಕಾದಮನ ಕೈಕೆಳಗೆ ಹಮಾಲರ ಗುಂಪು, ಇಷ್ಟಿದ್ದರೆ ಅಲ್ಲಿ ಜೀವ ತೆಗೆಯಬಲ್ಲವು ಮುಖ್ಯವಾಗಿ ನಾಲ್ಕು: ಚೀಲದ ಲಾಟ್, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲದ ರಾಶಿ, ಮೈಮೇಲೆ ಬೀಳುವುದು, ಕಾಳಿನೊಳಗೆ ಮನುಷ್ಯ ಹೂತುಹೋಗುವುದು, ಹುಳಕ್ಕೆ ಇಡುವ ಗುಳಿಗೆಯ ಗ್ಯಾಸ್, ತಿರುಗುವ ಬೆಲ್ಟು. ಈ ನಾಲ್ಕರಲ್ಲಿ ಯಾವುದನ್ನೂ ಹೆಲ್ಮೆಟ್ ತಡೆಯುವುದಿಲ್ಲ. ಉಗ್ರಾಣದ ಕೆಲಸದಲ್ಲೇ ತಲೆ ಹಣ್ಣಾದವನು ನಾನು, ಆ ಅನುಭವದಿಂದ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಕೂಲಿಯ ಲೆಕ್ಕ ನೋಡಿ. ಹಮಾಲರಿಗೆ ನಾವು ಕೊಡುವುದು ಚೀಲಕ್ಕೆ ಇಷ್ಟು ಅಂತ. ಲಾಟ್ ಅನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚು ಅಂದರೆ ತಡವಾಗುತ್ತದೆ, ಗ್ಯಾಸ್ ಹೋಗುವ ತನಕ ಹೊರಗೆ ಕೂತಿರು ಅಂದರೆ ಅರ್ಧ ದಿನ ಹೋಗುತ್ತದೆ. ಆ ಹೊತ್ತಿನ ದುಡ್ಡು ಕಡಿಯುವುದು ಅವನ ಜೇಬಿನಿಂದ. ಹಾಗಿರುವಾಗ ಅವನು ಕೆಳಗಿನ ಚೀಲವನ್ನು ಕೊಕ್ಕೆ ಹಾಕಿ ಎಳೆದೇ ಎಳೆಯುತ್ತಾನೆ. ಆಮೇಲೆ ನಾವು ‘ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ’ ಅಂತ ಗೊಣಗುತ್ತೇವೆ. ಕಾಯುವ ಹೊತ್ತಿಗೆ, ಲಾಟ್ ಸರಿಪಡಿಸುವುದಕ್ಕೆ, ಕಸ ಗುಡಿಸುವುದಕ್ಕೆ ಗಂಟೆ ಲೆಕ್ಕದಲ್ಲಿ ಬೇರೆ ಕೂಲಿ ಇಡಿ. ಲಾರಿ ಕಾದು ನಿಂತದ್ದಕ್ಕೆ ಹಾಲ್ಟಿಂಗ್ ಚಾರ್ಜು ಕೊಡಲು ಒಪ್ಪುವ ಮಾಲೀಕರು ಇದಕ್ಕೆ ಯಾಕೆ ಹಿಂದೆಮುಂದೆ ನೋಡುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಆದದ್ದು ನೆನಪಿರಬಹುದು. ಮೆಕ್ಕೆಜೋಳದ ಘಟಕದಲ್ಲಿ ದಾಸ್ತಾನು ಕುಸಿದು 7 ಜನ ಸತ್ತರು, ಎಲ್ಲರೂ ಬಿಹಾರದಿಂದ ದುಡಿಯಲು ಬಂದವರು. ಜೋಳ ಅಂದರೆ ಮೆತ್ತಗಿನ ವಸ್ತು ಅಂತ ನಮಗೆ ಅನ್ನಿಸುತ್ತದೆ. ಟನ್‌ಗಟ್ಟಲೆ ಮೈಮೇಲೆ ಬಂದರೆ ಎದೆ ಉಬ್ಬಿಸಿ ಉಸಿರೆಳೆಯಲು ಜಾಗವೇ ಇರುವುದಿಲ್ಲ.

ಲಾಟ್ ಬೀಳುವುದಕ್ಕೆ ಮುಂಚೆ ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ಒಂದು ಮೂಲೆ ಹೊಟ್ಟೆ ಬಿಡುತ್ತದೆ, ಇಲಿ ಕಡಿದ ಚೀಲದಿಂದ ಕಾಳು ಸೋರಿ ಮೇಲಿನ ಸಾಲು ವಾಲುತ್ತದೆ, ನೆಲದ ತೇವ ಹತ್ತಿ ತಳದ ಚೀಲ ಕೊಳೆತಿರುತ್ತದೆ. ಸ್ಯಾಂಪಲ್ ತೆಗೆಯುವವರು ಒಂದೇ ಕಡೆ ಪದೇಪದೇ ಚುಚ್ಚಿದರೂ ಇದೇ ಗತಿ. ಸೆಣಬಿನ ಚೀಲ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲ ಜಾರುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಚೀಲವಾದರೆ ಎತ್ತರ ಕಡಿಮೆ ಮಾಡಿ, ಒಂದು ಸಾಲು ಅಡ್ಡ ಒಂದು ಸಾಲು ಉದ್ದ ಹಾಕಿಸಿ, ಮೇಲೆ ಹೋದ ಹಾಗೆ ಅಂಚು ಒಳಕ್ಕೆ ಬರಲಿ. ಅಡಿಯಲ್ಲಿ ಮರದ ಹಲಗೆ, ಗೋಡೆಗೂ ಲಾಟಿಗೂ ನಡುವೆ ಮನುಷ್ಯ ಓಡಾಡುವಷ್ಟು ಜಾಗ ಇರಬೇಕು. ಆ ಸಂದಿಯಲ್ಲಿ ಊಟ ಮಾಡುವುದು, ಮಲಗುವುದು ಬೇಡವೇ ಬೇಡ. ಚೀಲದ ತೂಕವೂ ಮುಖ್ಯ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ.

ಇನ್ನು ಸೈಲೊ. ಇದು ನಿಮಗೂ ಹೊಸದು, ನಿಮ್ಮ ಹಮಾಲರಿಗೂ ಹೊಸದು, ಹಾಗಾಗಿ ನನಗೆ ಹೆಚ್ಚು ಭಯ ಇರುವುದು ಇಲ್ಲೇ. ತಳದ ಬಾಗಿಲು ತೆರೆದಾಗ ಕಾಳು ನಡುವಿನಿಂದ ಆಲಿಕೆಯ ಹಾಗೆ ಒಳಕ್ಕೆ ಇಳಿಯುತ್ತದೆ. ಆಗ ಮೇಲೆ ನಿಂತವನ ಕಾಲು ನಾಲ್ಕೈದು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ, ಸುಮಾರು 20 ಸೆಕೆಂಡಿನಲ್ಲಿ ತಲೆಯೂ ಕಾಣುವುದಿಲ್ಲ. ಕೂಗು ಕೇಳಿ ನೀವು ಸ್ವಿಚ್ಚಿನ ಹತ್ತಿರ ಓಡುವಷ್ಟರಲ್ಲಿ ಮುಗಿದಿರುತ್ತದೆ. ಸೊಂಟದವರೆಗೆ ಹೂತವನನ್ನು ಹಗ್ಗ ಹಾಕಿ ನಾಲ್ಕು ಜನ ಜಗ್ಗಿದರೂ ಬರುವುದಿಲ್ಲ, ಭುಜ ಕಳಚೀತು, ಬೆನ್ನಿಗೆ ಪೆಟ್ಟಾದೀತು. ಅವನ ಸುತ್ತ ಹಲಗೆ ಅಥವಾ ತಗಡು ಇಳಿಸಿ ಗೋಡೆ ಮಾಡಿ, ಒಳಗಿನ ಕಾಳನ್ನು ಮೊಗೆದು ತೆಗೆಯಬೇಕು. ಪೂರ್ತಿ ಮುಳುಗಿದ್ದರೆ ಸೈಲೊದ ತಗಡನ್ನು ಸುತ್ತಲೂ ಸಮನಾಗಿ ಹಲವು ಕಡೆ ಕೊರೆದು ಕಾಳು ಹೊರಬಿಡಬೇಕು. ಒಂದೇ ಕಡೆ ಕೊರೆದರೆ ಸೈಲೊನೇ ಮಗುಚಬಹುದು. ಆದರೆ ಈ ಹಂತ ಮುಟ್ಟಿದರೆ ಬದುಕಿಸುವುದು ಕಷ್ಟ.

ಅಸಲಿಗೆ ಮನುಷ್ಯ ಒಳಗೆ ಯಾಕೆ ಇಳಿಯುತ್ತಾನೆ? ಕಾಳು ಇಳಿಯುತ್ತಿಲ್ಲ, ಗಂಟು ಕಟ್ಟಿದೆ, ಕೋಲಿನಿಂದ ತಿವಿಯಬೇಕು ಅಂತ. ಗಂಟು ಯಾಕೆ ಕಟ್ಟಿತು? ಹಸಿ ಜೋಳ ತುಂಬಿದ್ದರಿಂದ. ನಮ್ಮ ಕಡೆ ಜೋಳ ಕೊಯ್ಲಿಗೆ ಬಂದಾಗ ಮಳೆ ಹಿಡಿದರೆ ರಸ್ತೆ ಮೇಲೆ ಒಂದು ದಿನ ಹರವಿ ‘ಒಣಗಿದೆ’ ಅನ್ನುತ್ತಾರೆ. ತೇವಾಂಶ ಶೇ 14ರೊಳಗೆ ಬಾರದ ಒಂದು ಕಾಳೂ ಸೈಲೊ ಹತ್ತಬಾರದು. ನಿಮ್ಮ ಗೇಟಿನ ಮಾಯಿಶ್ಚರ್ ಮೀಟರ್ ರೇಟು ಮುರಿಯುವುದಕ್ಕೆ ಮಾತ್ರ ಅಂದುಕೊಂಡಿದ್ದೀರಿ, ಜೀವ ಉಳಿಸುವುದೂ ಅದೇ. ಗಂಟು ಕಟ್ಟಿದ ಮೇಲ್ಪದರದ ಅಡಿಯಲ್ಲಿ ಟೊಳ್ಳು ಇರುತ್ತದೆ, ಮೇಲೆ ಕಾಲಿಟ್ಟರೆ ಕುಸಿಯುತ್ತದೆ. ಹೊರಗಿನಿಂದಲೇ ಉದ್ದನೆಯ ಕೊಳವೆಯಿಂದ ಒಡೆಯಿರಿ.

ಇಳಿಯಲೇಬೇಕು ಅಂತಾದರೆ ಮೋಟರಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಆ ಬೀಗದ ಕೈ ಇಳಿಯುವವನ ಜೇಬಿನಲ್ಲೇ ಇರಲಿ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿ. ಇದು ನನ್ನ ಕಲ್ಪನೆಯಲ್ಲ. ವಿಷಗಾಳಿ ಇರಬಹುದಾದ ಗುಂಡಿ, ಟ್ಯಾಂಕುಗಳಿಗೆ ಇಳಿಯುವವನ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನಿನಲ್ಲೇ ಹೊರಗೆ ಹಗ್ಗ ಹಿಡಿದು ನಿಲ್ಲುವವನ ಮಾತು ಬಂದಿತ್ತು. ಹಗ್ಗ ಹಿಡಿದವನು ಏನೇ ಆದರೂ ಒಳಗೆ ಧುಮುಕಬಾರದು. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಸಾಯುವುದು ಇಂಥ ಕಡೆಗಳಲ್ಲಿ ಮತ್ತೆ ಮತ್ತೆ ನಡೆಯುವ ಕಥೆ.

ನಮ್ಮ ಹಿರಿಯರಿಗೆ ಈ ಗಾಳಿಯ ವಿಷಯ ಗೊತ್ತಿತ್ತು. ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿಯ, ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಿತ್ತು. ಈಗ ಸೈಲೊ ಮುಂದೆ ಯಾರಾದರೂ ದೀಪದ ಪರೀಕ್ಷೆ ಮಾಡಿಯಾರು, ದಯವಿಟ್ಟು ಬೇಡ. ಧಾನ್ಯದ ಧೂಳಿಗೆ ಕಿಡಿ ತಾಗಿದರೆ ಸ್ಫೋಟ. 1977ರ ಡಿಸೆಂಬರ್‌ನಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಅಂಥ ಒಂದೇ ಸ್ಫೋಟಕ್ಕೆ 36 ಜನ ಬಲಿಯಾದರು. ಧೂಳು ಗುಡಿಸದೆ ಸೈಲೊ ಹತ್ತಿರ ವೆಲ್ಡಿಂಗ್ ಮಾಡಿಸಬೇಡಿ, ಬೀಡಿಯಂತೂ ಗೇಟಿನ ಹೊರಗೇ.

ಅಲ್ಲದೆ ದೀಪಕ್ಕೆ ಗುಳಿಗೆಯ ಗ್ಯಾಸ್ ತಿಳಿಯುವುದಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್‌ನ 3 ಗ್ರಾಂ ಗುಳಿಗೆಯೊಂದು 1 ಗ್ರಾಂ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 0.3 ಭಾಗ ಮೀರಿದರೆ ಕೆಲಸ ಮಾಡುವ ಜಾಗವಲ್ಲ ಅನ್ನುತ್ತದೆ ಲೆಕ್ಕ. ಬೆಳ್ಳುಳ್ಳಿ ವಾಸನೆ ಬಂದರೆ ಗ್ಯಾಸ್ ಇದೆ ಅನ್ನಬಹುದು, ಬಾರದಿದ್ದರೆ ಇಲ್ಲ ಅನ್ನುವಂತಿಲ್ಲ. ಬಟ್ಟೆ ಮಾಸ್ಕು ಧೂಳಿಗಷ್ಟೇ, ಗ್ಯಾಸಿಗೆ ಏನೂ ಪ್ರಯೋಜನವಿಲ್ಲ. ಈ ವಿಷಕ್ಕೆ ಪ್ರತಿಮದ್ದೂ ಇಲ್ಲ. ಲೈಸೆನ್ಸ್ ಇರುವ ಕೀಟ ನಿಯಂತ್ರಣದವರನ್ನೇ ಕರೆಸಿ, ಬಾಗಿಲಿಗೆ ತಲೆಬುರುಡೆಯ ಚಿತ್ರ ಹಾಕಿ, ತೆರೆದ ಮೇಲೆ ಗಾಳಿಯಾಡಿಸಿ ಗ್ಯಾಸ್ ಅಳೆಯುವ ಮೀಟರಿನಲ್ಲಿ ನೋಡಿ ಒಳಗೆ ಬಿಡಿ. ಮಳೆಗಾಲದಲ್ಲಿ ವಾಚ್‌ಮನ್ನೋ ಹಮಾಲರೋ ಬೆಚ್ಚಗಿದೆ ಅಂತ ಗೋದಾಮಿನಲ್ಲೇ ಮಲಗುತ್ತಾರೆ. ಅವರಿಗೆ ಬೇರೆ ಕೋಣೆ ಕಟ್ಟಿಸಿಕೊಡುವುದು ನಿಮ್ಮ ಪಟ್ಟಿಯಲ್ಲಿ ಹೆಲ್ಮೆಟ್‌ಗಿಂತ ಮೇಲಿರಬೇಕು.

ಬೆಲ್ಟು, ಶಾಫ್ಟಿಗೆ ಜಾಲರಿ ಹಾಕಿಸಿ. ಹೆಣ್ಣುಮಕ್ಕಳು ಗುಡಿಸುವಾಗ ಸೆರಗು ಸಿಕ್ಕಿಕೊಳ್ಳುವುದು ಅಲ್ಲೇ.

ನಿಮ್ಮಲ್ಲೂ ಉತ್ತರ ಭಾರತದ ಕಡೆಯ ಹುಡುಗರಿದ್ದರೆ ಕನ್ನಡದ ಬೋರ್ಡು ಅವರಿಗೆ ಓದಲಾಗದು. ಚಿತ್ರ ಹಾಕಿ, ಹಿಂದಿಯಲ್ಲಿ ಬಾಯಿಮಾತಿನಲ್ಲೂ ಹೇಳಿಸಿ. ಮುಕಾದಮನ ಚೀಟಿಯಲ್ಲಿ ಮಾತ್ರ ಹೆಸರಿರುವವನಿಗೆ ಏನಾದರೂ ಆದರೆ ಪರಿಹಾರಕ್ಕೆ ಅವನ ಮನೆಯವರು ಅಲೆಯಬೇಕಾಗುತ್ತದೆ, ಎಲ್ಲರ ಹೆಸರೂ ನಿಮ್ಮ ರಿಜಿಸ್ಟರಿನಲ್ಲೇ ಇರಲಿ.

ಸೈಲೊ ಕಂಪನಿಗೆ ಕೊನೆಯ ಕಂತು ಕೊಡುವ ಮುಂಚೆ ಇಷ್ಟು ಕೇಳಿ: ಏಣಿಗೆ ಸುತ್ತುಗಂಬಿ ಇದೆಯೇ, ಮೇಲಿನ ಬಾಗಿಲ ಹತ್ತಿರ ಹಗ್ಗ ಕಟ್ಟಲು ಗಟ್ಟಿ ಕೊಂಡಿ ಇದೆಯೇ, ಸ್ವಿಚ್ಚಿಗೆ ಬೀಗ ಬೀಳುತ್ತದೆಯೇ, ಕಾಳು ಸುರಿಯುವ ಗುಂಡಿಯ ಮೇಲೆ ಕಬ್ಬಿಣದ ಜಾಲರಿ ಇದೆಯೇ. ಅವರು ‘ಆಮೇಲೆ ಹಾಕಿಕೊಡ್ತೀವಿ ಸಾರ್’ ಅಂದರೆ ದುಡ್ಡನ್ನೂ ಆಮೇಲೆ ಕೊಡಿ.